ಉಳಿದ ತುಂಡುಗಳನ್ನು ಕೂಡಿಸುವ ವಿಷಯ

(ಪಾಠಕ್ಕೆ ಮೊದಲು ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ ೧೬: ೧೩–೧೫, ಯೋಹಾನ ೬: ೧–೧೩, ಲೂಕ ೧೨: ೧೬–೨೧. ಓದಲು ಬಾರದವರು ಮನೆಯಲ್ಲಿ ಶಾಲೆಗೆ ಹೋಗುವ ಮಗನಿಂದಾಗಲಿ ಮಗಳಿಂದಾಗಲಿ ಓದಿಸಿ ಕೇಳಬೇಕು.)



ಮಳೆಯು ಹಿಂದೆ ಸರಿದು ಚಳಿಯು ಇನ್ನೂ ಬಲಿಯದಿರುವ ಈ ಆಶ್ವೀಜ ಕಾರ್ತಿಕ ಮಾಸಗಳಲ್ಲಿ ನಮ್ಮ ಎರೆಸೀಮೆಯ ಒಕ್ಕಲಿಗನಿಗೆ ಎರಡು ಕೈಗಳೂ ಸಾಲವು. ಒಂದು ಹೊಲದಲ್ಲಿ ಸಜ್ಜೆಯ ತೆನೆ ಮುರಿಯಬೇಕು, ಶೇಂಗಾ ಕೀಳಬೇಕು. ಇನ್ನೊಂದು ಹೊಲದಲ್ಲಿ ಹದ ಆರುವದಕ್ಕೆ ಮುಂಚೆ ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಬಿತ್ತಬೇಕು. ಒಂದೇ ಮನೆಗೆ ಒಂದೇ ವಾರದಲ್ಲಿ ಕಾಳು ಒಳಗೆ ಬರುವದು, ಕಾಳು ಹೊರಗೆ ಹೋಗುವದು. ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಾವಳಿಯಲ್ಲಿ ಬತ್ತದ ಗದ್ದೆಗಳ ನಡುವೆ ಇರುವ ಸಭೆಗಳವರಿಗೋಸ್ಕರ ಬರೆದೆವು.

ಈ ಎರಡು ತಿಂಗಳುಗಳು ಮನುಷ್ಯನ ಸ್ವಭಾವವನ್ನು ಬಯಲಿಗೆ ತರುವವು. ಒಬ್ಬನು ಕೈಗೆ ನಾಲ್ಕು ಕಾಸು ಬಂದ ಕೂಡಲೆ ಅದನ್ನು ಸಂತೆಯಲ್ಲಿ ಚೆಲ್ಲಿ, ಪುಷ್ಯಮಾಸದಲ್ಲಿ ಸಾಲಗಾರನ ಬಾಗಿಲಿಗೆ ಹೋಗುವನು. ಮತ್ತೊಬ್ಬನು ಕಣಜದ ಬಾಯಿಗೆ ಮಣ್ಣು ಮೆತ್ತಿ ಅದರ ಮೇಲೆ ಕುಳಿತುಕೊಳ್ಳುವನು. ಮೊದಲನೆಯವನಿಗೆ ಸಭೆಯಲ್ಲಿ ಬುದ್ಧಿ ಹೇಳುವವರು ಬಹಳ ಮಂದಿ. ಎರಡನೆಯವನನ್ನು ಮಾತ್ರ ಮಿತವ್ಯಯದವನೆಂದೂ ಮನೆ ನಡಿಸಬಲ್ಲವನೆಂದೂ ಹೊಗಳುತ್ತೇವೆ. ಈ ಹೊಗಳಿಕೆಯು ಸರಿಯೋ ಎಂದು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಇಸ್ರಾಯೇಲರಿಗೂ ಇಂಥ ಕಾಲವು ಇತ್ತು. ಕಣದ ಕೆಲಸವೂ ದ್ರಾಕ್ಷೆಯ ಆಲೆಯ ಕೆಲಸವೂ ಮುಗಿದ ಮೇಲೆ, ಅವರ ಏಳನೆಯ ತಿಂಗಳಿನ ಹದಿನೈದನೆಯ ದಿವಸದಿಂದ ಪರ್ಣಶಾಲೆಗಳ ಜಾತ್ರೆಯನ್ನು ಆಚರಿಸಬೇಕೆಂದು ದೇವರು ಆಜ್ಞಾಪಿಸಿದನು. ನಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಸೀಗಿ ಹುಣ್ಣಿಮೆಯ ಕಾಲವೇ. ಆ ಹಬ್ಬದ ಊಟಕ್ಕೆ ಯಾರು ಯಾರು ಕೂತುಕೊಳ್ಳಬೇಕೆಂಬದನ್ನು ಓದಿ ನೋಡಿರಿ: ಮಗನು, ಮಗಳು, ದಾಸನು, ದಾಸಿಯು, ಅಷ್ಟಕ್ಕೇ ನಿಲ್ಲದೆ ಲೇವಿಯು, ಪರದೇಶಿಯು, ತಂದೆಯಿಲ್ಲದವನು, ವಿಧವೆಯು. ಹೊಲವಿಲ್ಲದವರ ಹೆಸರುಗಳೂ ಹೊಲವುಳ್ಳವನ ಹಬ್ಬದ ಪಟ್ಟಿಯಲ್ಲಿ ಬರೆಯಲ್ಪಟ್ಟಿವೆ.

ಸೀಗಿ ಹುಣ್ಣಿಮೆಯ ಮಾತು ಬಂದದರಿಂದ ಒಂದನ್ನು ಹೇಳಿಬಿಡುತ್ತೇವೆ. ಆ ದಿವಸ ನೆರೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ನಾವು ಏನು ಮಾಡಬೇಕೆಂದು ಹೊಸದಾಗಿ ಸಭೆಗೆ ಸೇರಿದವರು ಕೇಳುವದುಂಟು. ಭೂಮಿಗೆ ಪೂಜೆ ಮಾಡುವದು ನಮಗೆ ಸಲ್ಲದು. ಆದರೆ ಮನೆಯ ಬಾಗಿಲು ಮುಚ್ಚಿಕೊಂಡು ನೆರೆಯವರನ್ನು ಹಳಿಯುತ್ತಾ ಕೂತಿರುವದು ಅದಕ್ಕಿಂತ ಉತ್ತಮವೆಂದು ನಾವು ಹೇಳಲಾರೆವು. ನಿನ್ನ ಹೊಲಕ್ಕೆ ನೀನೂ ಹೋಗು. ಮಳೆಯನ್ನೂ ಬೆಳೆಯನ್ನೂ ಕೊಟ್ಟವನಿಗೆ ಹೆಸರೆತ್ತಿ ಸ್ತೋತ್ರ ಮಾಡು. ಹೊಲವಿಲ್ಲದ ಒಬ್ಬನನ್ನಾದರೂ ಜೊತೆಯಲ್ಲಿ ಕೂರಿಸಿಕೊಂಡು ಊಟಮಾಡು.

ಈಗ ಯೋಹಾನನ ಸುವಾರ್ತೆಗೆ ಬರೋಣ. ಐದು ರೊಟ್ಟಿ, ಎರಡು ಮೀನು. ಅವು ಜವೆಗೋದಿಯ ರೊಟ್ಟಿಗಳೆಂದು ನಾಲ್ವರು ಸುವಾರ್ತಿಕರಲ್ಲಿ ಯೋಹಾನನೊಬ್ಬನೇ ಬರೆದಿದ್ದಾನೆ. ಜವೆಗೋದಿಯು ಆ ದೇಶದ ಬಡವರ ಆಹಾರ. ನಮ್ಮಲ್ಲಿ ಸಜ್ಜೆಯ ರೊಟ್ಟಿ ಇದ್ದ ಹಾಗೆ. ಐದು ಸಾವಿರ ಗಂಡಸರು ಉಂಡು ತೃಪ್ತರಾದ ಮೇಲೆ, ಏನೂ ಹಾಳಾಗದಂತೆ ಮಿಕ್ಕ ತುಂಡುಗಳನ್ನು ಕೂಡಿಸಬೇಕೆಂದು ಕರ್ತನು ಶಿಷ್ಯರಿಗೆ ಅಪ್ಪಣೆಕೊಟ್ಟನು. ಕ್ಷಣಮಾತ್ರದಲ್ಲಿ ಸಾವಿರಾರು ರೊಟ್ಟಿಗಳನ್ನು ಹುಟ್ಟಿಸಬಲ್ಲವನಿಗೆ ಹುಲ್ಲಿನ ಮೇಲೆ ಬಿದ್ದ ಚೂರುಗಳ ಚಿಂತೆ ಯಾಕೆ? ಅದು ಅವನ ತಂದೆಯ ವರವಾದದರಿಂದಲೇ. ನಮಗೆ ಬಹಳವಾಗಿ ಸಿಕ್ಕಿದ್ದು ಎಂಬ ಕಾರಣದಿಂದ ಅದು ಹಗುರವಾಗುವದಿಲ್ಲ.

ತುಂಬಿದ್ದು ಹನ್ನೆರಡು ಬುಟ್ಟಿಗಳು. ಇಲ್ಲಿ ಮೂಲಭಾಷೆಯಾದ ಗ್ರೀಕಿನಲ್ಲಿರುವ ಶಬ್ದವು ಯೆಹೂದ್ಯರು ಪ್ರಯಾಣದಲ್ಲಿ ಬುತ್ತಿಗಾಗಿ ಒಯ್ಯುತ್ತಿದ್ದ ಕೈಬುಟ್ಟಿಯನ್ನು ಸೂಚಿಸುವದು. ಏಳು ರೊಟ್ಟಿಗಳ ಅದ್ಭುತದಲ್ಲಿ ಬರುವ ಶಬ್ದವು ಬೇರೆ. ಅದು ದೊಡ್ಡ ಹೆಡಿಗೆ, ಪೌಲನನ್ನು ದಮಸ್ಕದ ಗೋಡೆಯಿಂದ ಇಳಿಸಿದಂಥಾದ್ದು. ಬುಟ್ಟಿಯು ಹೇಗೇ ಇರಲಿ, ಕೂಡಿಸುವ ಹೊತ್ತನ್ನು ಗಮನಿಸಬೇಕು. ಜನರೆಲ್ಲರೂ ತೃಪ್ತರಾದ ಮೇಲೆ ಶಿಷ್ಯರು ಬುಟ್ಟಿ ಹಿಡಿದರು. ಮೊದಲೇ ಹನ್ನೆರಡು ಬುಟ್ಟಿ ತುಂಬಿ ಬದಿಗಿಟ್ಟು, ಉಳಿದದ್ದನ್ನು ಜನರಿಗೆ ಹಂಚಲಿಲ್ಲ.

ಲೂಕನಲ್ಲಿರುವ ಐಶ್ವರ್ಯವಂತನೂ ಕೂಡಿಸಿದನು. ಅವನು ಕದ್ದನೆಂದಾಗಲಿ, ಕೂಲಿಯವರಿಗೆ ಮೋಸಮಾಡಿದನೆಂದಾಗಲಿ ಕರ್ತನು ಹೇಳುವದಿಲ್ಲ. ಭೂಮಿಯು ಚೆನ್ನಾಗಿ ಬೆಳೆಯಿತು, ಅಷ್ಟೇ. ಆದರೆ ಅವನ ಮಾತಿನಲ್ಲಿ ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಜೀವ ಎಂಬ ಶಬ್ದಗಳ ಹೊರತು ಬೇರೊಬ್ಬನ ಹೆಸರು ಇಲ್ಲ. ಹೊರಗಿನಿಂದ ನೋಡುವವನಿಗೆ ಶಿಷ್ಯರ ಬುಟ್ಟಿಗೂ ಇವನ ಕಣಜಕ್ಕೂ ವ್ಯತ್ಯಾಸವು ಕಾಣಿಸದು. ಎರಡರಲ್ಲಿಯೂ ಆಹಾರವನ್ನು ಹಾಳುಮಾಡದೆ ಕೂಡಿಸಿ ಇಟ್ಟಿದೆ.

ಈ ವಿಷಯದಲ್ಲಿ ನಾವು ಬೇರೆಯವರಿಗೆ ಮಾತ್ರ ಬೋಧಿಸುವವರಲ್ಲ. ಕೆಲವು ವರ್ಷಗಳ ಹಿಂದೆ ಮಳೆ ಕಡಿಮೆಯಾದಾಗ ನಮ್ಮ ಮನೆಯಲ್ಲಿ ಎರಡು ಚೀಲ ಜೋಳವನ್ನು ಕಣಜಕ್ಕೆ ಹಾಕಿ ಬಾಯಿ ಮುಚ್ಚಿದ್ದೆವು. ಮಾಘಮಾಸದಲ್ಲಿ ಬೀದಿಯ ಒಬ್ಬ ತಾಯಿ ಬಂದು ಎರಡು ಸೇರು ಕಡ ಕೇಳಿದಳು. ಬಾಯಿ ಮುಚ್ಚಿದ ಕಣಜವನ್ನು ತೆರೆದರೆ ಗಾಳಿ ಹೋಗಿ ಕಾಳು ಕೆಡುವದೆಂದು ನಾವು ಹೇಳಿ ಕಳುಹಿಸಿದೆವು. ಮಾತು ಸುಳ್ಳಲ್ಲ, ಆದರೂ ಅಂದು ರಾತ್ರಿ ಪ್ರಾರ್ಥನೆಯಲ್ಲಿ ಬಾಯಿ ಬರಲಿಲ್ಲ. ಚೈತ್ರದಲ್ಲಿ ತೆರೆದು ನೋಡಿದಾಗ ಮೇಲಿನಿಂದ ಒಂದು ಮೊಳದ ತನಕ ನುಸಿ ಹತ್ತಿ, ಕಾಳು ಹಿಟ್ಟಾಗಿ ಹೋಗಿತ್ತು. ದೇವರು ನಮ್ಮನ್ನು ಹೀಗೆ ದಂಡಿಸಿದನೆಂದು ಹೇಳುವ ಧೈರ್ಯ ನಮಗಿಲ್ಲ, ಯಾಕಂದರೆ ಒಳ್ಳೆಯವರ ಕಣಜಕ್ಕೂ ನುಸಿ ಹತ್ತುವದು. ನಾವು ಜೋಳವನ್ನು ಸರಿಯಾಗಿ ಒಣಗಿಸಿರಲಿಲ್ಲ. ಆದರೆ ಆ ಎರಡು ಸೇರು ಅವಳ ಮನೆಗೆ ಹೋಗಿದ್ದರೆ ಅಷ್ಟಾದರೂ ಮನುಷ್ಯರ ಹೊಟ್ಟೆಗೆ ಸೇರುತ್ತಿತ್ತು.

ಭಯವು ನಮ್ಮ ಸೀಮೆಗೆ ಹೊಸದಲ್ಲ. ೧೮೭೬–೭೮ರಲ್ಲಿ, ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ, ಬಳ್ಳಾರಿ, ಧಾರವಾಡ, ವಿಜಯಪುರದ ಕಡೆ ಊರೂರೇ ಬರಿದಾದವು. ಅಂಥ ಕಾಲವನ್ನು ಕಂಡ ಮುತ್ತಜ್ಜಂದಿರ ಮೊಮ್ಮಕ್ಕಳು ನಾವು. ಕಾಳನ್ನು ಕಂಡರೆ ನಮ್ಮ ಕೈ ತಾನಾಗಿಯೇ ಮುಚ್ಚಿಕೊಳ್ಳುವದು. ಆದಕಾರಣ ಕೂಡಿಸಿಡುವವರನ್ನು ನಾವು ಹೀನೈಸುವದಿಲ್ಲ. ಬೀಜದ ಕಾಳನ್ನು ತಿನ್ನದೆ ಉಳಿಸುವದು ಅಪನಂಬಿಕೆಯಲ್ಲ. ನಾಳಿನ ಚಿಂತೆ ಬೇಡವೆಂದ ಕರ್ತನು ನಾಳೆ ಬಿತ್ತಬೇಡವೆಂದು ಹೇಳಲಿಲ್ಲ.

ಕಾಳು ಇಡುವವರು ಇಷ್ಟನ್ನು ನೆನಪಿಡಬೇಕು. ಜೋಳವನ್ನು ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಮುರಿಯುವ ತನಕ ಬಿಸಿಲಿಗೆ ಹಾಕಬೇಕು. ನೂರು ಪಾಲಿನಲ್ಲಿ ತೇವವು ಹನ್ನೆರಡು ಪಾಲಿಗಿಂತ ಹೆಚ್ಚಿರಬಾರದೆಂದು ಕೃಷಿ ಬಲ್ಲವರು ಹೇಳುವರು. ಬಿಸಿಲಿನಿಂದ ತೆಗೆದ ಕಾಳನ್ನು ಆರಲು ಬಿಟ್ಟ ಮೇಲೆಯೇ ತುಂಬಬೇಕು, ಬಿಸಿಯಾಗಿಯೇ ತುಂಬಿದರೆ ಒಳಗೆ ಬೆವರುವದು. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಪದರ ಪದರವಾಗಿ ಹಾಕುವದು ಒಳ್ಳೇದು. ಹಿರಿಯರ ಹಗೇವಿನಲ್ಲಿ ಕಾಳು ವರ್ಷಗಟ್ಟಲೆ ಉಳಿಯುತ್ತಿದ್ದದ್ದು ಗಾಳಿ ಆಡದಿದ್ದದರಿಂದ. ಗಾಳಿಯಿಲ್ಲದೆ ಹುಳ ಬದುಕಲಾರದು. ಆದದರಿಂದ ದೊಡ್ಡ ಕಣಜ ಒಂದಕ್ಕಿಂತ ಬಿಗಿಯಾದ ಮುಚ್ಚಳವುಳ್ಳ ಸಣ್ಣ ಡಬ್ಬಿಗಳು ನಾಲ್ಕು ಇದ್ದರೆ ಮೇಲು. ಒಂದನ್ನು ತೆರೆದರೆ ಮಿಕ್ಕ ಮೂರು ಕೆಡುವದಿಲ್ಲ. ಕಡ ಕೇಳಲು ಬಂದವರಿಗೆ ನಾವು ಹೇಳಿದ ನೆವವನ್ನು ಹೇಳುವದಕ್ಕೂ ಆಗ ಆಸ್ಪದವಿರದು! ಅಂಗಡಿಯಲ್ಲಿ ಮಾರುವ ವಿಷದ ಗುಳಿಗೆಗಳನ್ನು ಮಾತ್ರ ಮಲಗುವ ಮನೆಯಲ್ಲಿರುವ ಕಾಳಿಗೆ ಎಂದಿಗೂ ಇಡಬೇಡಿರಿ. ಅದರ ಹೊಗೆಯಿಂದ ಮಲಗಿದವರು ಮಲಗಿದಲ್ಲಿಯೇ ಸತ್ತದ್ದುಂಟು.

ಮಿಜೋರಾಮಿನ ಸಭೆಗಳಲ್ಲಿ ೧೯೧೦ರಿಂದ ಒಂದು ಪದ್ಧತಿ ನಡೆದು ಬಂದಿದೆ. ತಾಯಂದಿರು ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ಕರ್ತನ ಕೆಲಸಕ್ಕೆಂದು ಬೇರೆ ಇಡುವರು. ಊಟವಾದ ಮೇಲೆ ಉಳಿದರೆ ಕೊಡುವೆವೆಂಬ ಮಾತಿಲ್ಲ, ಒಲೆ ಹೊತ್ತಿಸುವಾಗಲೇ ಹಿಡಿ ಬೇರೆಯಾಗುವದು. ನಮ್ಮಲ್ಲಿ ಜೋಳದ ಹಿಟ್ಟು ನಾದುವ ಕೈಗಳಿಗೆ ಇದು ಭಾರವೇನೂ ಅಲ್ಲ.

ಇನ್ನು ಬಟ್ಟೆಯ ತುಂಡುಗಳ ವಿಷಯ. ಚಳಿ ಬರುವದಕ್ಕೆ ಮುಂಚೆ ಕೌದಿ ಹೊಲಿಯುವದು ನಮ್ಮ ತಾಯಂದಿರ ಹಳೆಯ ಕೆಲಸ. ಈಗಿನ ಕಿರಿಯ ಸಹೋದರಿಯರಲ್ಲಿ ಕೆಲವರು ಅದನ್ನು ನಾಚಿಕೆಯೆಂದು ಎಣಿಸಿ, ಕಂತಿನ ಸಾಲದ ಮೇಲೆ ಹೊದಿಕೆಗಳನ್ನು ತರುವದನ್ನು ಕಂಡಿದ್ದೇವೆ. ಅವರಿಗೋಸ್ಕರ ಹೊಲಿಯುವ ಕ್ರಮವನ್ನು ಬರೆಯುತ್ತೇವೆ. ತಪ್ಪಿದ್ದರೆ ನಿಮ್ಮ ಅತ್ತೆಯವರನ್ನು ಕೇಳಿ ತಿದ್ದಿಕೊಳ್ಳಿರಿ, ಯಾಕಂದರೆ ನಾವು ಸೂಜಿ ಹಿಡಿದವರಲ್ಲ, ಕೂತು ನೋಡಿದವರು.

ಎಂಟು ಗಜದ ಹಳೆಯ ನೂಲಿನ ಸೀರೆಯೊಂದನ್ನು ಆರು ಆರು ಅಡಿಗೆ ಮಡಚಿದರೆ ನಾಲ್ಕು ಪದರ ಬರುವದು. ಅಗಲವು ಸುಮಾರು ನಾಲ್ಕು ಅಡಿ. ಅದೇ ಕೌದಿಯ ಮೈ. ಸೀರೆಯನ್ನು ಮೊದಲು ಬಿಸಿನೀರಿನಲ್ಲಿ ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ದಡಿಯನ್ನು ಬಿಡಿಸಿ ಬೇರೆ ಇಡಬೇಕು, ಅದು ಕಡೆಗೆ ಅಂಚಿಗೆ ಬರುವದು. ಸಾರಿಸಿದ ನೆಲದ ಮೇಲೆ ಪದರಗಳನ್ನು ಸುಕ್ಕಿಲ್ಲದಂತೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡಬೇಕು. ಧೋತ್ರ, ಅಂಗಿ, ಕುಪ್ಪಸ, ಲಂಗಗಳ ಚೂರುಗಳಲ್ಲಿ ಸವೆದವು ನಡುವಿನ ಪದರಕ್ಕೆ, ಗಟ್ಟಿಯಾದವು ಮೇಲಿನ ತೇಪೆಗೆ. ಹೊಲಿಗೆಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತ ಹೋಗಿ, ಬೆರಳಗಲಕ್ಕೆ ಒಂದು ಸಾಲಿನಂತೆ ಸುತ್ತುತ್ತಾ ನಡುವಿಗೆ ಬಂದು ಮುಗಿಸುವರು. ನಡುವಿನಿಂದ ಆರಂಭಿಸಿದವಳ ಕೌದಿಯು ಅಂಚಿನಲ್ಲಿ ಅಲೆಯಾಗಿ ಏಳುವದು. ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿರುವ ಸಿದ್ದಿ ತಾಯಂದಿರು ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋಣವಾಗಿ ಮಡಚಿ ಹೂವಿನಂತೆ ಹೊಲಿಯುವರು. ಹೂವಿಲ್ಲದ ಕೌದಿಯು ಅವರಿಗೆ ಬತ್ತಲೆಯಾಗಿ ಕಾಣುವದಂತೆ. ಒಂದು ಎಚ್ಚರಿಕೆ: ನೈಲಾನು, ಪಾಲಿಯೆಸ್ಟರು ಸೀರೆಗಳು ಬೆವರನ್ನು ಹೀರವು, ಕಿಡಿ ತಗಲಿದರೆ ಕರಗಿ ಮೈಗೆ ಅಂಟುವವು, ಕೂಸುಗಳ ಕೌದಿಗೂ ಒಲೆಯ ಬಳಿ ಮಲಗುವವರ ಕೌದಿಗೂ ಅವು ಬೇಡ.

ಯೊಪ್ಪದಲ್ಲಿ ತಬಿಥಳು ಸತ್ತಾಗ ವಿಧವೆಯರು ಅವಳು ಹೊಲಿದ ಅಂಗಿಗಳನ್ನು ಪೇತ್ರನಿಗೆ ತೋರಿಸುತ್ತಾ ಅತ್ತರೆಂದು ಓದುತ್ತೇವೆ. ಅವಳು ಆಡಿದ ಮಾತು ಒಂದೂ ಸತ್ಯವೇದದಲ್ಲಿಲ್ಲ. ಈ ಭಾಗವನ್ನು ಓದುವಾಗಲೆಲ್ಲಾ ನಮ್ಮ ಸಭೆಯ ಒಬ್ಬ ವಿಧವೆಯು ನಮಗೆ ನೆನಪಾಗುವಳು.

ಹೋದ ವರ್ಷ ಕಾರ್ತಿಕದಲ್ಲಿ ನಾವು ಮನೆಪ್ರಾರ್ಥನೆಗೆ ಹೋದಾಗ ಅವಳು ಕಟ್ಟೆಯ ಮೇಲೆ ಕೌದಿಯನ್ನು ಹರವಿಕೊಂಡು ಕಡೆಯ ಸುತ್ತನ್ನು ಹೊಲಿಯುತ್ತಿದ್ದಳು. ಅದರಲ್ಲಿ ತೀರಿಹೋದ ಗಂಡನ ಧೋತ್ರವಿತ್ತು, ದೂರ ಮದುವೆಮಾಡಿ ಕೊಟ್ಟ ಮಗಳ ಲಂಗವಿತ್ತು. ಅವಳ ಹಳೆಯ ಕೌದಿಯು ಜಾಳುಜಾಳಾಗಿ ಹೋಗಿತ್ತು. ಪ್ರಾರ್ಥನೆಯಾದ ಮೇಲೆ ಅವಳು, “ಯಪ್ಪಾ, ನೀವು ಓದಿದವರು, ಒಂದು ಮಾತು ಕೇಳತೀನಿ. ಇದನ್ನ ಪಕ್ಕದ ಮನಿ ಮುದುಕಿಗೆ ಕೊಡಲೇನು?” ಎಂದಳು.

ಆ ಮುದುಕಿಯ ಸಂಗತಿಯು ನಮಗೆ ಗೊತ್ತಿತ್ತು. ಈ ತಾಯಿಯು ದೀಕ್ಷಾಸ್ನಾನ ಹೊಂದಿದ ವರ್ಷದಿಂದ ಅವಳು ಹೆಪ್ಪಿಗೆ ಮಜ್ಜಿಗೆ ಕೊಡುವದನ್ನು ನಿಲ್ಲಿಸಿದ್ದಳು. ಇಪ್ಪತ್ತು ವರ್ಷಗಳಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಈಗ ಅವಳು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ನಾವು ಹೇಳಿದ್ದೇನಂದರೆ: “ಅವ್ವಾ, ಚಳಿ ಹತ್ತಿರ ಬಂತು, ನಿನಗೇ ಹೊದೆಯಲು ಇಲ್ಲ. ಇದು ನಿನಗಿರಲಿ, ಮುಂದಿನ ವರ್ಷ ಮತ್ತೊಂದು ಹೊಲಿದಾಗ ಕೊಡಬಹುದು. ಅವಳು ತಿರುಗಿ ಎಸೆದರೆ ನಿನ್ನ ಮನಸ್ಸು ನೋಯುವದು.” ಅವಳು ತಲೆಯಾಡಿಸಿ ದಾರವನ್ನು ಹಲ್ಲಿನಲ್ಲಿ ಕಡಿದಳು, ಏನೂ ಹೇಳಲಿಲ್ಲ.

ಎರಡು ವಾರಗಳಾದ ಮೇಲೆ ಅದೇ ಬೀದಿಯಲ್ಲಿ ಹೋಗುವಾಗ ಆ ಕೌದಿಯು ಪಕ್ಕದ ಮನೆಯ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದನ್ನು ಕಂಡೆವು. ಲಂಗದ ತೇಪೆಯಿಂದ ಗುರುತು ಸಿಕ್ಕಿತು. ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿದ್ದನ್ನು ಯಾರೋ ಕೆಂಪು ದಾರದಿಂದ ತಿರುಗಿ ಹೊಲಿದಿದ್ದರು. ನಮ್ಮ ತಾಯಿಯ ದಾರವು ಬಿಳಿದು. ನಾವು ಒಳಗೆ ಹೋಗಿ ಅದನ್ನು ಹೇಳಿದಾಗ ಅವಳು ಹಳೆಯ ಜಾಳು ಕೌದಿಯನ್ನು ಮೊಳಕಾಲಿನ ಮೇಲೆ ಹಾಕಿಕೊಂಡು ತೇಪೆ ಹಚ್ಚುತ್ತಿದ್ದಳು.

“ಹೌದ್ರಿ,” ಎಂದಳು, “ಆ ಮೂಲಿ ನಾನೇ ಸರಿಯಾಗಿ ಹೊಲಿದಿರಲಿಲ್ಲ. ಅವರ ಸೊಸಿ ಬಂದು ನನ್ನ ಸೂಜಿನೇ ಒಯ್ದಳು. ಇವತ್ತ ಮುಂಜಾನೆ ತಂದು ಕೊಟ್ಟಳು.”