ಹದಿನಾರು ಲಕ್ಷವೋ, ಇಪ್ಪತ್ತನಾಲ್ಕೋ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿ, ಇನ್ನು ಆರು ವರ್ಷ ಸರ್ವಿಸ್ ಇದೆ. ನಮ್ಮ ಯಜಮಾನರು ಅರವತ್ತು ತುಂಬಿ ಖಾಸಗಿ ಕಂಪನಿಯಿಂದ ನಿವೃತ್ತರಾಗಿದ್ದಾರೆ. ಪಿಎಫ್, ಗ್ರಾಚ್ಯುಟಿ ಸೇರಿ 28 ಲಕ್ಷ ಬಂದಿದೆ. ಹೇಳಿಕೊಳ್ಳುವಂಥ ಪಿಂಚಣಿ ಇಲ್ಲ. ನನ್ನ ಉಳಿತಾಯ 4 ಲಕ್ಷ. ಮಗನ ಮದುವೆಗೆ ಬೇರೆಯಾಗಿ ಇಟ್ಟಿದ್ದೇವೆ. 30x40 ಸೈಟಿನಲ್ಲಿ 1997ರಲ್ಲಿ ಕಟ್ಟಿಸಿದ ಏಳೂವರೆ ಚದರದ ಮನೆ ನಮ್ಮದು. ಮಳೆ ಬಂದರೆ ಹಿಂದಿನ ಕೋಣೆ ಸೋರುತ್ತದೆ, ಅಡುಗೆಮನೆ ತೀರಾ ಹಳತಾಗಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ವೈಶಾಖದಲ್ಲಿ ಮದುವೆ. ಅಷ್ಟರೊಳಗೆ ಮೇಲೆ ಏಳು ಚದರ ಕಟ್ಟಿಸಿ, ಕೆಳಗೂ ಹೊಸದು ಮಾಡಿಸಬೇಕೆಂಬುದು ಇವರ ಆಸೆ. ಮೇಸ್ತ್ರಿ 16 ಲಕ್ಷದಲ್ಲಿ ಮುಗಿಸಿಕೊಡುತ್ತೇನೆ ಅಂದರು. ಎಂಜಿನಿಯರ್ ಬರೆದುಕೊಟ್ಟಿದ್ದು 24 ಲಕ್ಷ. ಇವರು, ‘ದುಡ್ಡು ಬ್ಯಾಂಕಿನಲ್ಲಿ ಕೊಳೆಯುವುದಕ್ಕಿಂತ ಮನೆಗೆ ಹಾಕೋಣ, ತಿಂಗಳಿಗೆ ಒಂಬತ್ತು ಸಾವಿರ ಬಾಡಿಗೆಯಾದರೂ ಬರುತ್ತೆ. ಸಿಮೆಂಟಿನ ಜಿಎಸ್‌ಟಿ ಬೇರೆ ಇಳಿದಿದೆ’ ಅನ್ನುತ್ತಾರೆ. ಮೇಸ್ತ್ರಿಗೆ 25 ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ನಾನು ಬೇಡವೆಂದರೆ ‘ಮಗನಿಗಾಗಿ ಇಷ್ಟೂ ಮಾಡಬಾರದಾ’ ಎಂದು ಬೇಜಾರಾಗುತ್ತಾರೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಯಾರ ಲೆಕ್ಕ ನಂಬಲಿ?

— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಈ 28 ಲಕ್ಷ ನಿಮ್ಮ ಯಜಮಾನರ ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷದ ಸಂಬಳ. ಅದರಲ್ಲಿ 24 ಲಕ್ಷ ಗೋಡೆಗೆ ಹೋದರೆ ಮತ್ತೆ ಕೈಗೆ ಬರುವ ದಾರಿಯಿಲ್ಲ. ಹಾಗೆಂದು ಮನೆಗೆ ಕೈಹಚ್ಚಲೇಬೇಡಿ ಅನ್ನಲಾರೆ. ಸೋರುವ ಮನೆಯನ್ನು ಹಾಗೇ ಬಿಟ್ಟರೆ ಅದೂ ನಷ್ಟವೇ. ಕೆಳಗಿನ ದುರಸ್ತಿ ಈಗ ಮಾಡಿಸಿ. ಮಹಡಿಯನ್ನು ಮದುವೆಯ ತಾರೀಕಿಗೆ ಗಂಟುಹಾಕಬೇಡಿ, ಏಳು ಚದರವಂತೂ ಬೇಡ.

ಇನ್ನು ಯಾರನ್ನು ನಂಬಬೇಕು ಎನ್ನುವ ಮಾತು. ಇಬ್ಬರೂ ಸುಳ್ಳು ಹೇಳಿರಲಾರರು. ಮೇಸ್ತ್ರಿಯ ಬಾಯಿಲೆಕ್ಕ ಸಾಮಾನ್ಯವಾಗಿ ಗೋಡೆ, ಮೋಲ್ಡ್, ಗಾರೆ, ನೆಲ ಇಷ್ಟಕ್ಕೆ ನಿಲ್ಲುತ್ತದೆ. ಮೆಟ್ಟಿಲು, ಅದರ ಕೈಪಿಡಿ, ಕಿಟಕಿಯ ಗ್ರಿಲ್, ಓವರ್‌ಹೆಡ್ ಟ್ಯಾಂಕ್, ವೈರಿಂಗ್ ಸಾಮಾನು, ಪುಟ್ಟಿ, ಬಣ್ಣ, ಪ್ಲಾನ್ ಮಂಜೂರಾತಿಯ ಶುಲ್ಕ, ಒಡೆದ ಕಸ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಇವೆಲ್ಲ ‘ಆಮೇಲೆ ನೋಡೋಣ’ ಪಟ್ಟಿಯಲ್ಲಿರುತ್ತವೆ. ಎಂಜಿನಿಯರ್ ಅವನ್ನೂ ಸೇರಿಸಿ ಬರೆದಿದ್ದಾರೆ, ಅದಕ್ಕೇ ಎಂಟು ಲಕ್ಷದ ವ್ಯತ್ಯಾಸ. ಮೇಸ್ತ್ರಿಯನ್ನು ಕೂರಿಸಿಕೊಂಡು ಇನ್ನೊಂದು ಮಾತು ಕೇಳಿ: ಚದರ ಅಳೆಯುವುದು ಎಲ್ಲಿಂದ ಎಲ್ಲಿಗೆ? ಸಜ್ಜಾ, ಬಾಲ್ಕನಿ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಪೂರ್ತಿ ಲೆಕ್ಕವೋ, ಅರ್ಧವೋ, ಇಲ್ಲವೇ ಇಲ್ಲವೋ? ಏಳು ಚದರ ಅಂದುಕೊಂಡು ಹೊರಟ ಕೆಲಸ ಕೊನೆಯ ಬಿಲ್ಲಿನಲ್ಲಿ ಎಂಟೂವರೆ ಆಗುವುದು ಇಲ್ಲೇ. ಗೊತ್ತಿಲ್ಲದೆ ಒಪ್ಪಿಕೊಂಡ ಅಳತೆಗೆ ಆಮೇಲೆ ಜಗಳವಾಡಿ ಪ್ರಯೋಜನವಿಲ್ಲ.

ಆದರೆ ಇವರಿಬ್ಬರ ಲೆಕ್ಕಕ್ಕಿಂತ ಮೊದಲು ಬರಬೇಕಾದ ಪ್ರಶ್ನೆಯೊಂದಿದೆ. ನಿಮ್ಮ ಮನೆ ಇನ್ನೊಂದು ಅಂತಸ್ತು ಹೊರುತ್ತದೆಯೇ? ಬರೆದುಕೊಟ್ಟ ಎಂಜಿನಿಯರ್ ತಾರಸಿ ಹತ್ತಿ ನೋಡಿದರೇ, ಇಲ್ಲಾ ಹಾಲ್‌ನಲ್ಲಿ ಕೂತು ಬರೆದರೇ, ಪತ್ರದಲ್ಲಿ ಹೇಳಿಲ್ಲ. 1997ರ ಮನೆಯ ತಾರಸಿ ಹೇಗಿರುತ್ತದೆ ಎಂದು ಬಲ್ಲೆ. ಮೂಲೆಗಳಲ್ಲಿ ಪಿಲ್ಲರ್ ಕಂಬಿಗಳು ಮುಂದೆ ಮಹಡಿ ಬರಲಿ ಎಂದು ಕಾಯುತ್ತ ನಿಂತಿರುತ್ತವೆ. ಒಂದಕ್ಕೆ ಬಟ್ಟೆ ಒಣಹಾಕುವ ಹಗ್ಗ, ಇನ್ನೊಂದಕ್ಕೆ ಡಿಶ್‌ನ ತಂತಿ ಕಟ್ಟಿರುತ್ತದೆ. ಕಂಬಿ ಬಿಟ್ಟಿದೆ ಅಂದಮೇಲೆ ಕಟ್ಟಬಹುದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಕಂಬಿಯ ಬುಡವನ್ನು, ಕಾಂಕ್ರೀಟಿನಿಂದ ಹೊರಬರುವ ಜಾಗವನ್ನು, ಉಗುರಿನಿಂದ ಕೆರೆದು ನೋಡಿ. ತುಕ್ಕು ಪುಡಿಯಾಗಿ ಉದುರಿದರೆ ಪರವಾಗಿಲ್ಲ, ತಂತಿ ಬ್ರಷ್ಷಿನಲ್ಲಿ ಹೋಗುತ್ತದೆ. ಪದರ ಪದರವಾಗಿ ಎದ್ದು ಬಂದರೆ ಒಳಗಿನ ಉಕ್ಕು ಸವೆದಿದೆ ಎಂದರ್ಥ. ಹೊಸ ಕಂಬಿಯನ್ನು ಹಳೆಯದಕ್ಕೆ ಜೋಡಿಸಲು 12 ಎಂಎಂ ಕಂಬಿಯಾದರೆ ಸುಮಾರು ಎರಡು ಅಡಿ ಒಳ್ಳೆಯ ಕಂಬಿ ಹೊರಗೆ ಸಿಗಬೇಕು. ಅನೇಕ ಮನೆಗಳಲ್ಲಿ ಒಂದು ಅಡಿಯೂ ಉಳಿದಿರುವುದಿಲ್ಲ.

ಕಂಬಿಯಾದರೂ ಕಣ್ಣಿಗೆ ಕಾಣುತ್ತದೆ, ಪಾಯ ಕಾಣದು. ದಾವಣಗೆರೆ ಸುತ್ತ ಎರೆ ನೆಲ ಇರುವ ಕಡೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು ನಿಮ್ಮ ಮನೆಯಲ್ಲಿದ್ದರೆ ಅದನ್ನು ಪುಟ್ಟಿ ಬಳಿದು ಮುಚ್ಚುವ ಮುನ್ನ ತೋರಿಸಿ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ, ಒಂದು ಪಿಲ್ಲರ್ ಪಕ್ಕ ಗುಂಡಿ ತೆಗೆಸಿ ಬುಡದ ಅಗಲ, ಆಳ ಅಳೆಸಿ, ಸುತ್ತಿಗೆ ಪರೀಕ್ಷೆಯಿಂದ ಕಾಂಕ್ರೀಟಿನ ಗಟ್ಟಿತನ ನೋಡಿಸಿ, ಲಿಖಿತವಾಗಿ ವರದಿ ಪಡೆಯಿರಿ. ಇಷ್ಟಕ್ಕೆ ಆಗುವ ಖರ್ಚು ಇಡೀ ಕೆಲಸದ ಮುಂದೆ ಬಹಳ ಸಣ್ಣದು. ಹಿಂದಿನ ಕೋಣೆ ಸೋರುತ್ತದೆ ಎಂದಿದ್ದೀರಿ. ಮಹಡಿ ಬಂದರೆ ಸೋರುವುದು ತಾನಾಗೇ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ವರ್ಷಗಟ್ಟಲೆ ನೀರು ಕುಡಿದ ಮೋಲ್ಡಿನ ಒಳಗೆ ಕಂಬಿ ಉಬ್ಬಿರಬಹುದು. ಕೆಳಗಿನಿಂದ ಕೋಲಿನಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದರ ಮೇಲೆ ಭಾರ ಹೊರಿಸುವ ಮಾತೇ ಬೇಡ, ಮೊದಲು ರಿಪೇರಿ.

ಇಷ್ಟಾದ ಮೇಲೆ ದುಡ್ಡಿನ ಮಾತು. ಯಜಮಾನರು ಹೇಳಿದ ಬಾಡಿಗೆಯನ್ನೇ ತೆಗೆದುಕೊಳ್ಳಿ. ತಿಂಗಳಿಗೆ ಒಂಬತ್ತು ಸಾವಿರವೆಂದರೆ ವರ್ಷಕ್ಕೆ 1,08,000. ಅದಕ್ಕೆ ಹೂಡುವುದು 24 ಲಕ್ಷ. ನೂರಕ್ಕೆ ನಾಲ್ಕೂವರೆ ಬಿತ್ತು, ಅದೂ ಮನೆ ಒಂದು ತಿಂಗಳೂ ಖಾಲಿ ಬೀಳದಿದ್ದರೆ, ಬಣ್ಣ-ರಿಪೇರಿ ಏನೂ ಇಲ್ಲದಿದ್ದರೆ. ಮಹಡಿ ಬಂದರೆ ಆಸ್ತಿ ತೆರಿಗೆಯೂ ಏರುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದ ವರೆಗೆ ಇಡಬಹುದು. ಆಗಿನಿಂದ 2025ರ ಉದ್ದಕ್ಕೂ ಬಡ್ಡಿ 8.2 ಇತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದರೆ ನೀವು ಇಟ್ಟ ದಿನದ ದರ ಐದು ವರ್ಷ ಬದಲಾಗದು. ಆ ದರದಲ್ಲಿ 24 ಲಕ್ಷಕ್ಕೆ ತಿಂಗಳ ಲೆಕ್ಕದಲ್ಲಿ 16,400 ರೂಪಾಯಿ ಬೀಳುತ್ತದೆ, ಅಸಲು ಹಾಗೇ ಇರುತ್ತದೆ. ಬಡ್ಡಿಗೆ ಆದಾಯ ತೆರಿಗೆ ಲೆಕ್ಕವಿದೆ, ನಿಜ. ಆದರೂ ಬ್ಯಾಂಕಿನಲ್ಲಿ ದುಡ್ಡು ಕೊಳೆಯುತ್ತದೆ ಎಂಬ ಮಾತಿಗೆ ಈ ಎರಡು ಅಂಕಿ ಸಾಕು.

ಜಿಎಸ್‌ಟಿ ಇಳಿದದ್ದೂ ಹೌದು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲೆ 28 ಇದ್ದದ್ದು 18 ಆಯಿತು. ಏಳು ಚದರಕ್ಕೆ ಚದರಡಿಗೆ 0.4 ಮೂಟೆಯಂತೆ 280 ಮೂಟೆ ಸಿಮೆಂಟ್ ಬೇಕು ಎಂದುಕೊಳ್ಳೋಣ. ನಾನೂರು ರೂಪಾಯಿಯ ಮೂಟೆಗೆ ಮೂವತ್ತು ರೂಪಾಯಿ ಉಳಿದರೂ ಒಟ್ಟು ಎಂಟೂವರೆ ಸಾವಿರದ ಆಸುಪಾಸು. ಇದನ್ನು ನೆಚ್ಚಿ ಯಾರೂ ಆತುರಪಡಬೇಕಿಲ್ಲ.

ಹಾಗಾದರೆ ಎಷ್ಟು ಖರ್ಚು ಮಾಡಬಹುದು? ನನ್ನ ಅಭಿಪ್ರಾಯದಲ್ಲಿ 16 ಲಕ್ಷ ನಿಮ್ಮ ಗೆರೆ. ನಿಮ್ಮ ಉಳಿತಾಯ 4, ನಿವೃತ್ತಿಯ ಹಣದಿಂದ 6, ಬ್ಯಾಂಕ್ ಸಾಲ 6. ಸಾಲವೇಕೆ ಎನ್ನುತ್ತೀರೇನೋ. ನಿಮಗೆ ಆರು ವರ್ಷ ಸಂಬಳವಿದೆ. ಆರು ಲಕ್ಷಕ್ಕೆ 9ರ ಬಡ್ಡಿಯಲ್ಲಿ ಆರು ವರ್ಷಕ್ಕೆ ಕಂತು ಸುಮಾರು 10,800 ಆಗುತ್ತದೆ, ನೀವು ನಿವೃತ್ತರಾಗುವ ಹೊತ್ತಿಗೆ ತೀರುತ್ತದೆ. ಅಷ್ಟೂ ದಿನ 22 ಲಕ್ಷ ಠೇವಣಿಯಲ್ಲಿ ಉಳಿದು, ಅದೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 45,100 ತರುತ್ತದೆ. ಠೇವಣಿಗಿಂತ ಸಾಲದ ಬಡ್ಡಿ ತುಸು ಹೆಚ್ಚು ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಕೈಯಲ್ಲಿರುವ ಹಣ ಆಸ್ಪತ್ರೆಗೆ, ಆಪತ್ತಿಗೆ ಆಗುತ್ತದೆ. ಗೋಡೆಗೆ ಹೋದದ್ದು ಆಗದು. ಬ್ಯಾಂಕು ಇ-ಖಾತಾ, ಮಂಜೂರಾದ ಪ್ಲಾನು, ಎಂಜಿನಿಯರ್ ಅಂದಾಜುಪಟ್ಟಿ ಕೇಳುತ್ತದೆ, ಹಣವನ್ನು ಕೆಲಸ ನಡೆದಂತೆ ಕಂತಿನಲ್ಲಿ ಬಿಡುತ್ತದೆ. ಅದು ಒಳ್ಳೆಯದೇ, ಕೆಲಸದ ಮೇಲೆ ಇನ್ನೊಂದು ಕಣ್ಣು ಇದ್ದಂತಾಗುತ್ತದೆ. ತೆರಿಗೆ ಉಳಿಯುತ್ತದೆ ಎಂದು ಸಾಲ ದೊಡ್ಡದು ಮಾಡಬೇಡಿ. ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿಯ ವರೆಗೆ ಮಾತ್ರ ವಿನಾಯಿತಿ, ಅದೂ ಮನೆಯ ಮಾಲೀಕರಿಗೆ. ಮನೆ ಯಜಮಾನರೊಬ್ಬರ ಹೆಸರಿನಲ್ಲಿದ್ದರೆ ಕಂತು ನಿಮ್ಮ ಸಂಬಳದಿಂದ ಹೋದರೂ ವಿನಾಯಿತಿ ನಿಮಗೆ ಸಿಗದು. ಒಡವೆ ಸಾಲಕ್ಕೆ ಮಾತ್ರ ಹೋಗಬೇಡಿ, ಮದುವೆಯ ವರ್ಷ ಅದು ನಿಮಗೆ ಬೇಕು.

16ರಲ್ಲಿ ಶೇ 15, ಅಂದರೆ 2 ಲಕ್ಷ 40 ಸಾವಿರವನ್ನು ಇಲ್ಲವೇ ಇಲ್ಲ ಎಂದುಕೊಂಡು ಬೇರೆ ಖಾತೆಗೆ ಹಾಕಿ. ಹಳೆಯ ಮನೆ ಒಡೆದಾಗ ಏನು ಸಿಗುತ್ತದೆ ಎಂದು ಯಾವ ಎಂಜಿನಿಯರೂ ಹೇಳಲಾರರು. ಅಡುಗೆಮನೆಯ ಟೈಲ್ಸ್ ಕಿತ್ತಾಗ ಒಳಗಿನ ಜಿಐ ಪೈಪು ತುಕ್ಕು ತಿಂದು ಕೈಯಲ್ಲಿ ಪುಡಿಯಾಗುವುದು, ಹಳೇ ವೈರಿಂಗ್‌ಗೆ ಅರ್ಥಿಂಗೇ ಇಲ್ಲದಿರುವುದು, ಗೀಸರ್‌ಗೆ ಎಳೆದ ವೈರು ಸಣ್ಣದಾಗಿರುವುದು, ಹೊಸ ಉಪಕರಣಗಳಿಗೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಬೇಕಾಗುವುದು ಇವೆಲ್ಲ ಆಗಲೇ ಗೊತ್ತಾಗುವುದು. ಉಳಿದ 13 ಲಕ್ಷ 60 ಸಾವಿರದಲ್ಲಿ ಕೆಳಗಿನ ಸೋರಿಕೆ, ಅಡುಗೆಮನೆ, ಪೈಪು, ವೈರಿಂಗ್‌ಗೆ 4 ಲಕ್ಷ ತೆಗೆದಿಡಿ. ಹೊರಗಿನಿಂದ ಮೆಟ್ಟಿಲು, ಟ್ಯಾಂಕಿಗೆ ಒಂದೂವರೆ. ಮಿಕ್ಕಿದ್ದರಲ್ಲಿ ಚದರಡಿಗೆ 2,700ರಂತೆ ಮೂರು ಚದರ ಬರುತ್ತದೆ: ಒಂದು ದೊಡ್ಡ ಕೋಣೆ, ಅದಕ್ಕೆ ಹೊಂದಿಕೊಂಡ ಬಚ್ಚಲುಮನೆ. ಏಳು ಚದರದ ದರಕ್ಕಿಂತ ಮೂರು ಚದರದ ದರ ಹೆಚ್ಚೇ ಬೀಳುತ್ತದೆ, ಬಚ್ಚಲುಮನೆಯ ಖರ್ಚು ಕೋಣೆ ಸಣ್ಣದಾದರೂ ಇಳಿಯದು. ಮುಂದೆ ವಿಸ್ತರಿಸುವಂತೆ ನಕ್ಷೆಯಲ್ಲೇ ಜಾಗ ಬಿಡಿಸಿಕೊಳ್ಳಿ. ಇದೆಲ್ಲ ವರದಿ ಅನುಕೂಲವಾಗಿ ಬಂದರೆ ಮಾತ್ರ.

ನೀವು ಗಮನಿಸಿದ್ದೀರೋ ಇಲ್ಲವೋ, ನಿಮ್ಮ ಮನೆಯಲ್ಲಿ ಒಂದೇ ಮಹಡಿಗೆ ಎರಡು ಕೆಲಸ ಹೇಳಲಾಗಿದೆ. ಮಗ-ಸೊಸೆಗೆ ಎನ್ನುತ್ತೀರಿ, ಬಾಡಿಗೆಗೂ ಎನ್ನುತ್ತೀರಿ. ಬಾಡಿಗೆಗೆ ಕೊಟ್ಟರೆ ಹಬ್ಬಕ್ಕೆ ಬಂದ ಮಕ್ಕಳು ಮಲಗುವುದು ಕೆಳಗಿನ ಹಾಲಿನಲ್ಲೇ. ಮಕ್ಕಳಿಗೆಂದು ಇಟ್ಟರೆ ವರ್ಷದ ಬಹುಪಾಲು ದಿನ ಬೀಗ. ಮಗನನ್ನು ಕೇಳಿದ್ದೀರಾ? ಮುಂದಿನ ಬಾರಿ ಅವನು ಊರಿಗೆ ಬಂದಾಗ ಮೂವರೂ ಕೂತು ಮಾತಾಡಿ. ‘ನಿಮ್ಮಪ್ಪ ನಿನಗಾಗಿ ಇಷ್ಟು ಮಾಡಬೇಕೆಂದಿದ್ದಾರೆ, ನಿನಗೆ ಏನು ಬೇಕು’ ಎಂದು ನೀವೇ ಕೇಳಿ. ಅಪ್ಪ ಜೀವಮಾನದ ದುಡಿಮೆ ಸುರಿಯಲಿ ಎಂದು ಯಾವ ಮಗನೂ ಬಯಸಲಾರ. ಆ ಮಾತು ಅವನ ಬಾಯಿಂದ ಬಂದರೆ ನೀವು ಬೇಡವೆಂದಂತೆ ಆಗುವುದಿಲ್ಲ.

ಯಜಮಾನರ ಮನಸ್ಸನ್ನೂ ಯೋಚಿಸಿ. ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದವರು ಈಗ ಮನೆಯಲ್ಲಿದ್ದಾರೆ. ಕೈಯಲ್ಲಿ ಮೊದಲ ಸಲ ದೊಡ್ಡ ಮೊತ್ತವಿದೆ, ಮಗನ ಮದುವೆಗೆ ಬೀಗರು ಬರುವವರಿದ್ದಾರೆ. ಏನಾದರೂ ಕಟ್ಟಿ ನಿಲ್ಲಿಸಬೇಕೆಂಬ ಆಸೆ ತಪ್ಪಲ್ಲ, ಅದನ್ನು ತಳ್ಳಿಹಾಕಬೇಡಿ. ಕೆಲಸದ ಉಸ್ತುವಾರಿ ಪೂರ್ತಿ ಅವರಿಗೇ ಬಿಡಿ. ಕಂಬಿ ಇಳಿಸಿದ ದಿನ ತೂಕ ಹಾಕಿಸಲಿ: 12 ಎಂಎಂನ ನಲವತ್ತು ಅಡಿಯ ಒಂದು ಕಂಬಿ ಹತ್ತೂ ಮುಕ್ಕಾಲು ಕೆಜಿ ಆಸುಪಾಸು ಬರಬೇಕು. ಶನಿವಾರದ ಬಟವಾಡೆ ಅವರ ಕೈಯಿಂದಲೇ ನಡೆಯಲಿ, ಆದರೆ ಒಂದು ನೋಟ್‌ಬುಕ್ಕಿನಲ್ಲಿ ಮೇಸ್ತ್ರಿಯ ಸಹಿ ಬೀಳಲಿ. ಆದ ಕೆಲಸಕ್ಕಿಂತ ಮುಂದೆ ಹಣ ಹೋಗಬಾರದು. ಕೊನೆಯ ಹತ್ತನೇ ಒಂದು ಭಾಗ ಒಂದು ಜೋರು ಮಳೆ ಬಂದು ಗೋಡೆ ನೋಡಿದ ಮೇಲೆ ಕೊಡುವುದೆಂದು ಮೊದಲೇ ಮಾತಾಗಲಿ. ನಡುವೆ ಬಂದ ನೆಂಟರು ‘ಇದೊಂದು ಮಾಡಿಸಿಬಿಡಿ’ ಎಂದರೆ ಅದೇ ನೋಟ್‌ಬುಕ್ಕಿನಲ್ಲಿ ಬೆಲೆ ಸಮೇತ ಬರೆದು ಒಂದು ವಾರ ಬಿಟ್ಟು ನಿರ್ಧರಿಸಿ. ಟೈಲ್ಸ್ ತರುವಾಗ ನೂರಕ್ಕೆ ಹತ್ತು ಹೆಚ್ಚು, ಒಂದೇ ಬ್ಯಾಚಿನದು ತನ್ನಿ. ಆಮೇಲೆ ಅದೇ ಬಣ್ಣ ಸಿಗುವುದಿಲ್ಲ.

ಮದುವೆಗೆ ಮುಂಚೆ ಕೆಳಗಿನ ಕೆಲಸ ಮುಗಿಸಿ, ಮನೆಗೆ ಬಣ್ಣ ಹೊಡೆಸಿದರೆ ಬೀಗರ ಮುಂದೆ ಏನೂ ಕಡಿಮೆಯಾಗುವುದಿಲ್ಲ. ಮೇಲಿನ ಕೋಣೆಯನ್ನು ದೀಪಾವಳಿ ಕಳೆದು, ಮಳೆ ನಿಂತ ಮೇಲೆ ಹಿಡಿಯಿರಿ. ಅಷ್ಟರಲ್ಲಿ ಪ್ಲಾನ್ ಮಂಜೂರಾತಿಯೂ ಸಾಲದ ಕಾಗದಪತ್ರವೂ ಆಗಿರುತ್ತವೆ, ಮೋಲ್ಡ್ ಹಾಕಿದ ಮೇಲೆ ಕ್ಯೂರಿಂಗ್‌ಗೆ ಬೋರು, ಸಂಪುಗಳಲ್ಲಿ ನೀರೂ ಇರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿ ನೀರುಣಿಸುವ ಖರ್ಚನ್ನು ಯಾರೂ ಅಂದಾಜಿನಲ್ಲಿ ಬರೆಯುವುದಿಲ್ಲ.

ಕೊಟ್ಟ 25 ಸಾವಿರದ ಚಿಂತೆ ಬಿಡಿ. ಅಡ್ವಾನ್ಸ್ ಕೊಟ್ಟ ಮುಲಾಜಿಗೆ 24 ಲಕ್ಷದ ಕೆಲಸ ಶುರುಮಾಡಬೇಕಿಲ್ಲ. ಮೇಸ್ತ್ರಿಯನ್ನು ಕರೆದು, ಮಹಡಿ ಸದ್ಯಕ್ಕೆ ನಿಂತಿದೆ, ಹಿಂದಿನ ಕೋಣೆಯ ಸೋರಿಕೆ ಮತ್ತು ಅಡುಗೆಮನೆಯ ಕೆಲಸಕ್ಕೆ ಆ ಹಣ ವಜಾ ಮಾಡಿಕೊಳ್ಳಿ ಎನ್ನಿ. ಊರಿನ ಮೇಸ್ತ್ರಿ ಕೈಗೆ ಬಂದ ಕೆಲಸ ಬಿಡುವುದಿಲ್ಲ. ಆ ಸಣ್ಣ ಕೆಲಸದಲ್ಲಿ ಅವರ ಅಳತೆ, ಮಾತು, ಬರುವ ಹೊತ್ತು ಎಲ್ಲ ನಿಮಗೆ ತಿಳಿಯುತ್ತದೆ, ಮೇಲಿನದನ್ನು ಅವರಿಗೇ ಕೊಡಬೇಕೋ ಬೇಡವೋ ಆಗ ನಿರ್ಧರಿಸಿ. ಸ್ಟ್ರಕ್ಚರಲ್ ವರದಿ ಬಂದ ಮೇಲೆ ಅದರಲ್ಲಿ ಏನು ಬರೆದಿದೆ ಎಂದು ನನಗೊಂದು ಕಾಗದ ಹಾಕಿ.