ನೀರು ಹರಿಯಿತು, ಲೆಕ್ಕ ಮಾತ್ರ ತಪ್ಪಿತು



ಒಂದೇ ಕೊಳವೆಬಾವಿಯ ನೀರನ್ನು ನಾಲ್ಕಾರು ಮನೆಯವರು ಹಂಚಿಕೊಳ್ಳುವ ಕಡೆ, ಯಾರಿಗೆ ಎಷ್ಟು ನೀರು ಹೋಯ್ತು ಅನ್ನೋದೇ ಜಗಳಕ್ಕೆ ಮೂಲ. ಅದಕ್ಕಾಗಿ ನಾವು ಆರ್ಡುಯಿನೊ ಯುನೊ ಬೋರ್ಡಿಗೆ ವೈಎಫ್-ಎಸ್ 201 ಎಂಬ ಹರಿವಿನ ಸೆನ್ಸರ್ ಜೋಡಿಸಿ ಸಣ್ಣ ಮೀಟರೊಂದನ್ನು ಮಾಡಿದೆವು. 20 ಲೀಟರಿನ ಕ್ಯಾನ್ ತುಂಬಿಸಿ ನೋಡಿದರೆ, ಮೀಟರ್ ತೋರಿಸಿದ್ದು ಬರೀ 10 ಲೀಟರ್ ಚಿಲ್ಲರೆ! ಇಂಥ ಮೀಟರನ್ನು ಊರಿಗೆ ಕೊಟ್ಟರೆ ಜಗಳ ನಿಲ್ಲುವುದಿಲ್ಲ, ಹೆಚ್ಚಾಗುತ್ತದೆ. ತಪ್ಪನ್ನು ಹುಡುಕಿದ ಕ್ರಮವನ್ನೇ ಇಲ್ಲಿ ಪಾಠವಾಗಿ ಕೊಡುತ್ತಿದ್ದೇವೆ.

ಸೆನ್ಸರಿನ ಕೆಲಸ

ಸೆನ್ಸರಿನ ಒಳಗೆ ಅಯಸ್ಕಾಂತವಿರುವ ಚಕ್ರವಿದೆ. ನೀರು ಹರಿದಂತೆ ಚಕ್ರ ತಿರುಗಿ, ಲೀಟರಿಗೆ ಸುಮಾರು 450 ಪಲ್ಸ್‌ಗಳು ಬರುತ್ತವೆ. ನಿಮಿಷಕ್ಕೆ 10 ಲೀಟರ್ ಹರಿದರೆ ಸೆಕೆಂಡಿಗೆ 75 ಪಲ್ಸ್. ಇವುಗಳಲ್ಲಿ ಒಂದನ್ನೂ ಬಿಡದೆ ಎಣಿಸಬೇಕು.

ಮೊದಲು ತಂತಿ ನೋಡಿ

1. ಸೆನ್ಸರಿನ ಗ್ರೌಂಡ್ ತಂತಿ ಬೋರ್ಡಿನ ಗ್ರೌಂಡಿಗೆ ಗಟ್ಟಿಯಾಗಿ ಸೇರಿದೆಯೇ? ಗ್ರೌಂಡ್ ಸಡಿಲವಾದರೆ ಲೆಕ್ಕವೇ ನಿಲ್ಲುವುದಿಲ್ಲ.

2. ಸಿಗ್ನಲ್ ತಂತಿಗೂ ಗ್ರೌಂಡಿಗೂ ಮಲ್ಟಿಮೀಟರ್ ಹಿಡಿದು, ಚಕ್ರವನ್ನು ಮೆಲ್ಲಗೆ ಊದಿ ತಿರುಗಿಸಿ. ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೂ 5ರ ಹತ್ತಿರಕ್ಕೂ ಬದಲಾಗಬೇಕು. 5 ವೋಲ್ಟಿನಲ್ಲಿ ನಡೆಯುವ ಎಟಿಮೆಗಾ 328ಪಿ ಚಿಪ್, 1.5 ವೋಲ್ಟಿಗಿಂತ ಕೆಳಗಿದ್ದರೆ ‘ಲೋ’ ಎಂದೂ 3 ವೋಲ್ಟಿಗಿಂತ ಮೇಲಿದ್ದರೆ ‘ಹೈ’ ಎಂದೂ ಓದುತ್ತದೆ. ನಡುವೆ ನಿಂತರೆ ಯಾವ ಭರವಸೆಯೂ ಇಲ್ಲ. ಆಗ ಸಿಗ್ನಲ್ ತಂತಿಗೂ 5 ವೋಲ್ಟಿಗೂ ನಡುವೆ 10 ಕಿಲೋ ಓಮ್‌ನ ರೆಸಿಸ್ಟರ್ ಹಾಕಿ.

3. ಸಿಗ್ನಲ್ ತಂತಿಯನ್ನು ಮೋಟಾರಿನ ತಂತಿಯ ಜೊತೆ ಕಟ್ಟಬೇಡಿ. ಮೋಟಾರ್ ಆನ್ ಆಗುವಾಗ ಸುಳ್ಳು ಪಲ್ಸ್‌ಗಳು ಬರಬಹುದು.

ನಮ್ಮಲ್ಲಿ ತಂತಿ ಸರಿಯಾಗಿಯೇ ಇತ್ತು.

ಆಮೇಲೆ ಪ್ರೋಗ್ರಾಂ

ನಮ್ಮ ಪ್ರೋಗ್ರಾಂ ಅರ್ಧ ಸೆಕೆಂಡ್ ಪಲ್ಸ್ ಎಣಿಸಿ, ಪರದೆಯ ಮೇಲೆ ಬರೆದು, ಅರ್ಧ ಸೆಕೆಂಡ್ ಡಿಲೇ ಮಾಡುತ್ತಿತ್ತು. ಡಿಲೇ ಎಂದರೆ ಕಣ್ಣು ಮುಚ್ಚಿ ಕೂತಂತೆ. ಆ ಅರ್ಧ ಸೆಕೆಂಡಿನಲ್ಲಿ ಸುಮಾರು 37 ಪಲ್ಸ್‌ಗಳು ಬಂದು ಹೋಗುತ್ತಿದ್ದವು. ಅರ್ಧ ನೀರು ಕಾಣೆಯಾದದ್ದು ಹೀಗೆ!

ಇದಕ್ಕೆ ಪರಿಹಾರ ಇಂಟರಪ್ಟ್. ಬಾಗಿಲು ತಟ್ಟಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನೋಡಿದ ಹಾಗೆ. ಯುನೊದಲ್ಲಿ 2 ಮತ್ತು 3ನೇ ಪಿನ್‌ಗಳು ಇದಕ್ಕೆ ಸೂಕ್ತ. ಸಿಗ್ನಲ್ ತಂತಿಯನ್ನು 2ನೇ ಪಿನ್ನಿಗೆ ಕೊಟ್ಟು, ಪ್ರತಿ ಪಲ್ಸಿಗೆ ಎಣಿಕೆಯನ್ನು ಒಂದು ಹೆಚ್ಚಿಸುವ ಸಣ್ಣ ಫಂಕ್ಷನ್ ಬರೆಯಿರಿ. ಅದರೊಳಗೆ ಡಿಲೇ ಬೇಡ, ಪ್ರಿಂಟ್ ಬೇಡ. ಎಣಿಕೆಯ ವೇರಿಯಬಲ್ಲನ್ನು ‘ವೊಲಟೈಲ್’ ಎಂದು ಘೋಷಿಸಿ. ಮುಖ್ಯ ಪ್ರೋಗ್ರಾಂ ಅದನ್ನು ಓದುವಾಗ ಕ್ಷಣಮಾತ್ರ ಇಂಟರಪ್ಟ್ ನಿಲ್ಲಿಸಿ, ನಕಲು ಮಾಡಿಕೊಂಡು, ತಕ್ಷಣ ಶುರು ಮಾಡಿ. ಚಿಪ್ 8 ಬಿಟ್‌ನದು. ದೊಡ್ಡ ಸಂಖ್ಯೆಯನ್ನು ತುಂಡು ತುಂಡಾಗಿ ಓದುತ್ತದೆ, ಮಧ್ಯೆ ಪಲ್ಸ್ ಬಂದರೆ ಸಂಖ್ಯೆ ಕೆಡುತ್ತದೆ.

ಕೊನೆಗೆ ಕ್ಯಾನೇ ಸಾಕ್ಷಿ

ಮತ್ತೆ 20 ಲೀಟರ್ ತುಂಬಿಸಿ. ಸುಮಾರು 9,000 ಪಲ್ಸ್ ಬರಬೇಕು. ಸೆನ್ಸರಿನಿಂದ ಸೆನ್ಸರಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಬಂದ ಪಲ್ಸ್‌ಗಳನ್ನು 20ರಿಂದ ಭಾಗಿಸಿ, ಆ ಸಂಖ್ಯೆಯನ್ನೇ 450ರ ಬದಲು ಪ್ರೋಗ್ರಾಂನಲ್ಲಿ ಬರೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೇದು.

ಈ ಪರೀಕ್ಷೆಯನ್ನು ನೀರು ಹಂಚಿಕೊಳ್ಳುವ ಎಲ್ಲ ಮನೆಯವರ ಎದುರಿಗೇ ಮಾಡಿ. ಕಣ್ಣಾರೆ ಕಂಡ ಲೆಕ್ಕವನ್ನು ಜನ ನಂಬುತ್ತಾರೆ.