ಬೈಕ್ ಕೆಟ್ಟೋಯ್ತಾ ಅಣ್ಣ?

ಊರಲ್ಲಿ ಸುಮ್ಮನೆ ನಡೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಬೆಂಗಳೂರಿನ ಪಾರ್ಕಿನಲ್ಲಿ ಎಷ್ಟು ಸುತ್ತು ಹಾಕಿದರೂ ಯಾರೂ ಕೇಳುವುದಿಲ್ಲ. ಮಾದಿಹಳ್ಳಿಯಲ್ಲಿ ಕೈ ಬೀಸಿಕೊಂಡು ಹೊರಟರೆ ಮೊದಲನೇ ತಿರುವಿನಲ್ಲೇ ಒಬ್ಬ ಬಂದು ಬ್ರೇಕ್ ಹಾಕುತ್ತಾನೆ. "ಬೈಕ್ ಕೆಟ್ಟೋಯ್ತಾ ಅಣ್ಣ? ಬಾ ಕೂತ್ಕೊ, ಬಿಡ್ತೀನಿ." ಹಂಗೇನಿಲ್ಲ, ವಾಕಿಂಗು ಅಂದರೆ ಮುಖ ಸಣ್ಣದು ಮಾಡಿಕೊಂಡು, ದನಿ ತಗ್ಗಿಸಿ ಕೇಳುತ್ತಾನೆ: "ಶುಗರ್ರಾ?"

ಶುಗರ್ರೇ. ಆದರೆ ನನ್ನನ್ನು ಎಬ್ಬಿಸಿದ್ದು ಲ್ಯಾಬಿನ ಚೀಟಿಯಲ್ಲ, ನಮ್ಮಮ್ಮ. ಅರಸೀಕೆರೆ ತಾಲ್ಲೂಕಿನ ಯಾದಾಪುರದ ಹತ್ತಿರ ಜೇನುಕಲ್ಲು ಸಿದ್ದೇಶ್ವರಸ್ವಾಮಿ ಬೆಟ್ಟ ಇದೆ. ಹುಣ್ಣಿಮೆಗೆ ಸುತ್ತಮುತ್ತಲಿನ ಜನ ಹತ್ತುತ್ತಾರೆ. ನಾವೂ ಹೋಗಿದ್ದೆವು. ಅರ್ಧ ಬೆಟ್ಟಕ್ಕೆ ಬರುವಷ್ಟರಲ್ಲಿ ನನಗೆ ಕಿವಿಯೊಳಗೆ ಎದೆ ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಕೂತುಬಿಟ್ಟೆ. ಮೇಲಿನ ಮೆಟ್ಟಿಲಲ್ಲಿ ಎಪ್ಪತ್ತನಾಲ್ಕು ವರ್ಷದ ಅಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನಗಾಗಿ ಕಾಯುತ್ತಾ ನಿಂತಿದ್ದಳು. ಬೈಯಲಿಲ್ಲ, ನಗಲಿಲ್ಲ. ಎರಡು ಮೆಟ್ಟಿಲು ಇಳಿದು ಬಂದು ತನ್ನ ಊರುಗೋಲನ್ನು ನನ್ನ ಕಡೆ ಚಾಚಿದಳು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ನನ್ನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಬೆಳಗ್ಗೆ ಕುರ್ಚಿ ಮೇಲೆ ಕೂತರೆ ಊಟಕ್ಕೆ ಏಳಬೇಕು. ಮೂಟೆ ಇಳಿಸುವವರು ಹಮಾಲಿಗಳು, ನಾನು ಎಣಿಸುವವನು. ತೋಟದಲ್ಲಿ ಮೋಟಾರಿಗೆ ಆಟೋ ಸ್ಟಾರ್ಟರ್ ಇದೆ, ಕರೆಂಟ್ ಬಂದರೆ ತಾನೇ ಓಡುತ್ತದೆ. ಉಳುವುದು ಟ್ರ್ಯಾಕ್ಟರು. ಅಪ್ಪನ ಕಾಲದಲ್ಲಿ ಆಲೂಗೆಡ್ಡೆ ಕಿತ್ತರೆ ಮೂಟೆಯನ್ನು ಹೊಲದಿಂದ ಗಾಡಿಗೆ ಹೆಗಲ ಮೇಲೇ ತರಬೇಕಿತ್ತು. ಅವರಿಗೆ ವ್ಯಾಯಾಮ ಅನ್ನುವ ಪದದ ಅಗತ್ಯವೇ ಬೀಳಲಿಲ್ಲ. ನಮ್ಮ ಪೀಳಿಗೆ ಗೇಯ್ಮೆ ಬಿಟ್ಟಿತು, ಉಣ್ಣುವ ಮುದ್ದೆಯ ಗಾತ್ರ ಮಾತ್ರ ಬಿಡಲಿಲ್ಲ.

ಬೆಟ್ಟದಿಂದ ಬಂದವನೇ ಹಾಸನಕ್ಕೆ ಹೋಗಿ ಶೂ ತಂದೆ. ಬೆಂಗಳೂರಿನಲ್ಲಿರುವ ಮಗಳು ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟಳು. ದಿನಕ್ಕೆ ಹತ್ತು ಸಾವಿರ ಹೆಜ್ಜೆ, ರಾತ್ರಿ ಲೆಕ್ಕ ಕಳಿಸಬೇಕು. ಮೊದಲ ವಾರ ಕಳಿಸಿದೆ. ಎರಡನೇ ವಾರ ಒಂದು ಗುಟ್ಟು ತಿಳಿಯಿತು: ಜೇಬಿನಲ್ಲಿ ಫೋನಿಟ್ಟುಕೊಂಡು ಗುಂಡಿ ರಸ್ತೆಯಲ್ಲಿ ಬೈಕ್ ಓಡಿಸಿದರೂ ಹೆಜ್ಜೆ ಏರುತ್ತದೆ! ಮೂರನೇ ವಾರ ಮಗಳು ಮೆಚ್ಚಿಕೊಂಡ ಹೆಜ್ಜೆಗಳಲ್ಲಿ ಬಹುಪಾಲು ರಸ್ತೆಯವು. ಆಮೇಲೆ ನನಗೇ ನಾಚಿಕೆಯಾಗಿ ಆ್ಯಪ್ ತೆಗೆದೆ. ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಎಷ್ಟೋ ದಿನದ ಮೇಲೆ ಓದಿದೆ. 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕ ಮಾರಲು 'ಮಾನ್‌ಪೋಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಅಂತ ಹೆಸರಿಟ್ಟಿತ್ತು. ನಾನೂ ವ್ಯಾಪಾರಸ್ಥನೇ, ಹೆಸರಿನ ಮಹಿಮೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೆಜ್ಜೆಯ ಲೆಕ್ಕವನ್ನಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ.

ಆ ಮಾಂಸಖಂಡದ ಕೆಲಸಕ್ಕೆ ಚಿಕ್ಕಪ್ಪನ ಹತ್ತಿರ ಹೋದೆ. ವಯಸ್ಸಿನಲ್ಲಿ ಗರಡಿಮನೆ ಮಣ್ಣು ಮೈಗೆ ಹಚ್ಚಿಕೊಂಡವರು. ಬಸ್ಕಿ ತೋರಿಸಿ, "ದಿನಕ್ಕೆ ಹತ್ತು, ಸಾಕು" ಅಂದರು. ನಾನು ಮೊದಲ ದಿನವೇ ಅರವತ್ತು ಹೊಡೆದೆ. ಮಾರನೇ ದಿನ ಕಕ್ಕಸಿನಲ್ಲಿ ಕೂತವನು ಬಾಗಿಲ ಚಿಲಕ ಹಿಡಿದುಕೊಂಡು ಎದ್ದೆ. ಮಂಡಿ ಊದಿ ಮೂರು ವಾರ ಅಂಗಡಿಯ ಕುರ್ಚಿಯೇ ಗತಿ. ನೋಡಲು ಬಂದ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು. "ಲೇ, ಗರಡೀಲಿ ಮೊದಲನೇ ತಿಂಗಳು ನಮ್ಮ ಕೈಲಿ ಬರೀ ಮಣ್ಣು ಅಗೆಸ್ತಿದ್ರು ಕಣ್ಲಾ."

ದಾರಿ ಸಿಕ್ಕಿದ್ದು ಮಂಡಿ ಇಳಿದ ಮೇಲೆ, ಅದೂ ಬೈಕ್ ನಿಜವಾಗಿ ಕೆಟ್ಟಾಗ. ನಮ್ಮ ತೋಟದ ಮನೆಯಿಂದ ಹಾಲಿನ ಡೇರಿಗೆ ಒಂದೂಕಾಲು ಕಿಲೋಮೀಟರ್. ಅವತ್ತು ಕ್ಯಾನ್ ಕೈಯಲ್ಲಿ ಹಿಡಿದು ನಡೆದೇ ಹೋದೆ. ಏಳು ಲೀಟರ್ ಹಾಲು, ಸ್ಟೀಲ್ ಕ್ಯಾನಿನ ತೂಕ ಬೇರೆ. ತೆಳ್ಳನೆಯ ಹಿಡಿ ಬೆರಳ ಸಂದಿಗೆ ಕಚ್ಚುತ್ತದೆ. ಒಂದು ಕರೆಂಟ್ ಕಂಬದಿಂದ ಮುಂದಿನ ಕಂಬಕ್ಕೆ ಬಲಗೈ, ಅಲ್ಲಿಂದ ಎಡಗೈ. ಭುಜ ವಾಲಿದರೆ ಹಾಲು ಒಳಗೆ ಕುಲುಕಿ ಮುಚ್ಚಳದ ಅಂಚಿನಲ್ಲಿ ಜಿನುಗುತ್ತದೆ, ಹಾಗಾಗಿ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಡೇರಿ ಮುಟ್ಟುವಾಗ ಮೈ ಬೆವತಿತ್ತು. ದಾರಿಯುದ್ದಕ್ಕೂ ನಾಲ್ಕು ಬೈಕ್ ದಾಟಿ ಹೋದವು, ಒಬ್ಬನೂ ನಿಲ್ಲಿಸಿ ಏನನ್ನೂ ಕೇಳಲಿಲ್ಲ. ಕ್ಯಾನ್ ಹಿಡಿದವನು ಕೆಲಸದ ಮೇಲಿದ್ದಾನೆ! ಬೈಕ್ ರಿಪೇರಿಯಾಗಿ ಬಂದ ಮೇಲೂ ನಾನು ನಡೆದೇ ಹೋದೆ.

ಛಲ, ಸಂಕಲ್ಪ ಅಂತ ಏನೇನೋ ಹೇಳುತ್ತಾರೆ. ನನ್ನಂಥವನಿಗೆ ಬೇಕಾಗಿದ್ದದ್ದು ಒಂದು ನೆಪ. ಹಸು ಭಾನುವಾರ ಅಂತ ಬಿಡುವುದಿಲ್ಲ, ಮಳೆ ಅಂತ ಬಿಡುವುದಿಲ್ಲ. ಹಾಲು ಕರೆದ ಮೇಲೆ ಡೇರಿ ಬಾಗಿಲು ಹಾಕುವುದರೊಳಗೆ ಮುಟ್ಟಿಸಲೇಬೇಕು. ಹೋಗಲೋ ಬೇಡವೋ ಅಂತ ಮನಸ್ಸಿನ ಜೊತೆ ಪಂಚಾಯಿತಿ ಮಾಡುವುದಕ್ಕೆ ಪುರುಸೊತ್ತೇ ಇಲ್ಲ.

ಒಂದು ಎಡವಟ್ಟೂ ಆಯಿತು. ನನ್ನದು ಖಾಲಿ ಹೊಟ್ಟೆಯಲ್ಲಿ ಶುಗರನ್ನು ತೀರಾ ಇಳಿಸಿಬಿಡುವ ಜಾತಿಯ ಮಾತ್ರೆ. ಒಂದು ದಿನ ಮಾತ್ರೆ ನುಂಗಿ, ತಿಂಡಿ ಆಮೇಲೆ ತಿಂದರಾಯಿತು ಅಂತ ಹೊರಟೆ. ಡೇರಿ ಸಾಲಿನಲ್ಲಿ ನಿಂತಾಗ ಕೈ ನಡುಗಿತು, ತಣ್ಣನೆ ಬೆವರು, ಮುಂದೆ ನಿಂತವರ ಮಾತು ಎಲ್ಲೋ ದೂರದಿಂದ ಕೇಳಿದ ಹಾಗೆ. ಹಿಂದಿದ್ದ ಹೆಂಗಸು ನೋಡಿದ ತಕ್ಷಣ, "ನಮ್ಮನೇವ್ರಿಗೂ ಹಿಂಗೇ ಆಯ್ತದೆ" ಅಂತ ಎದುರಂಗಡಿಯಿಂದ ಒಂದು ಹಿಡಿ ಸಕ್ಕರೆ ತಂದು ಬಾಯಿಗೆ ಹಾಕಿದಳು. ಡಾಕ್ಟರು ಆಮೇಲೆ ಮಾತ್ರೆಯ ಹೊತ್ತು ಬದಲಾಯಿಸಿದರು. ಈಗಲೂ ಅಂಗಿ ಜೇಬಿನಲ್ಲಿ ಕಾಗದ ಸುತ್ತಿದ ಬೆಲ್ಲದಚ್ಚಿನ ಚೂರು ಇರುತ್ತದೆ. ಇರುವೆಯೂ ಇರುತ್ತದೆ.

ಅವತ್ತಿನವರೆಗೆ ನಾನು ಶುಗರನ್ನು ಮುಚ್ಚಿಡುತ್ತಿದ್ದೆ. ಸಾಲಿನಲ್ಲಿ ಬಯಲಾದ ಮೇಲೆ ಒಬ್ಬೊಬ್ಬರೇ ತಮ್ಮದನ್ನು ಬಿಚ್ಚಿದರು. ಒಬ್ಬನಿಗೆ ಬಿಪಿ, ಒಬ್ಬನಿಗೆ ಸೊಂಟ. ಡ್ರೈವರ್ ಕೆಲಸದವನೊಬ್ಬ ಲಾರಿ ನಿಲ್ಲಿಸಿದಾಗಲೆಲ್ಲ ಹಿಂದಿನ ಡಾಲಾ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನು ಮಾಡಿ ತೋರಿಸಿದ. ನಾನು ಬಸ್ಕಿಯ ಕಥೆ ಹೇಳಿ ನಗಿಸಿದೆ. ಈಗ ನಮ್ಮ ಸರದಿ ಬರುವವರೆಗೆ ಐದಾರು ಜನ ಗೋಡೆಗೆ ಕೈಕೊಟ್ಟು ಹಿಮ್ಮಡಿ ಎತ್ತುತ್ತಿರುತ್ತೇವೆ. ಫ್ಯಾಟ್ ನೋಡುವ ಹುಡುಗ ಎಣಿಸುತ್ತಾನೆ.

ನಮ್ಮ ಜಿಲ್ಲೆಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರ ಕಥೆ ಆ ಸಾಲಿನಲ್ಲೇ ಹೇಳಿದ್ದೆ. 1915ರಲ್ಲಿ ಹುಟ್ಟಿದವರು. ಹನ್ನೆರಡರ ಹುಡುಗನಾಗಿದ್ದಾಗ, 1927ರಲ್ಲಿ, ಹಾಸನದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಆಸನ ಪ್ರದರ್ಶನ ನೋಡಿ ಅವರಲ್ಲೇ ಕಲಿಯಲು ಶುರುಮಾಡಿದರು. ಮನೆಯವರಿಗೆ ಹೇಳಿರಲಿಲ್ಲವಂತೆ. ಮುಂದೆ ಮೈಸೂರಿನಲ್ಲಿ ಅವರ ಅಷ್ಟಾಂಗ ಯೋಗ ಕಲಿಯಲು ದೇಶದೇಶದ ಜನ ಬಂದರು. ಕೇಳಿದ ಡ್ರೈವರ್ ಅಂದ: "ಮನೇಲಿ ಹೇಳಿದ್ರೆ ದನ ಮೇಯ್ಸೋಕೆ ಕಳಿಸ್ತಿದ್ರು ಬಿಡಿ."

ನನ್ನ ಹೆಂಡತಿಯದು ಬೇರೆಯೇ ತಾಪತ್ರಯ. ಗಂಡಸು ಸುಮ್ಮನೆ ನಡೆದರೆ ಬೈಕ್ ಕೆಟ್ಟಿದೆಯಾ ಅನ್ನುತ್ತಾರೆ. ಹೆಂಗಸು ನಡೆದರೆ ಮನೆಯಲ್ಲಿ ಜಗಳವಾ ಅನ್ನುತ್ತಾರೆ. ಅವಳು ಕಂಡುಕೊಂಡ ಉಪಾಯ ಹಳೇಬೀಡು. ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ ಹೊಯ್ಸಳೇಶ್ವರನ ಜಗತಿಯ ಮೇಲೆ ಸುತ್ತು ಹಾಕುತ್ತಾಳೆ. ಪ್ರದಕ್ಷಿಣೆ ಹಾಕುವವಳನ್ನು ಯಾರು ಕೇಳುತ್ತಾರೆ? ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಒಳಗೆ ಹೊರಗೆ ಹೋಗುವುದರಿಂದ ಅದಕ್ಕೆ ಒತ್ತಿಕೊಂಡೇ ನಡೆದರೆ ಒಂದು ಸುತ್ತು ಕಂಡದ್ದಕ್ಕಿಂತ ಉದ್ದ. ಮೊದಲ ಸುತ್ತಿನಲ್ಲಿ ಕೆಳಗಿನ ಆನೆ ಸಾಲು ನೋಡುತ್ತಾಳೆ, ಎರಡನೆಯದರಲ್ಲಿ ಅದರ ಮೇಲಿನ ಸಿಂಹ, ಆಮೇಲೆ ಕುದುರೆ, ಆಮೇಲೆ ರಾಮಾಯಣ ಮಹಾಭಾರತ. ಹಂಸದ ಸಾಲಿಗೆ ಬರುವಷ್ಟರಲ್ಲಿ ನನಗೆ ಕಾಫಿ ನೆನಪಾಗಿರುತ್ತದೆ. ಅವಳು ಇನ್ನೊಂದು ಸುತ್ತು ಅನ್ನುತ್ತಾಳೆ.

ಲೆಕ್ಕವನ್ನು ಈಗ ಫೋನಿನಲ್ಲಿ ಇಡುವುದಿಲ್ಲ. ಆದಾಗ ಹುಣ್ಣಿಮೆಗೆ ಜೇನುಕಲ್ಲಿಗೆ ಹೋಗುತ್ತೇನೆ, ಎಷ್ಟು ಸಲ ಕೂತೆ ಅಂತ ಅಂಗಡಿಯ ಕ್ಯಾಲೆಂಡರಿನಲ್ಲಿ ಅದೇ ತಾರೀಖಿನ ಮನೆಯೊಳಗೆ ಬರೆಯುತ್ತೇನೆ. ಮೊದಲು ಒಂಬತ್ತು. ಆಮೇಲೆ ಏಳು, ಏಳು, ಐದು. ಶೀತ ಜ್ವರ ಬಂದ ತಿಂಗಳು ಮತ್ತೆ ಎಂಟು. ಕಳೆದ ಸಲ ಎರಡು, ಅದರಲ್ಲೊಂದು ಅಮ್ಮನಿಗಾಗಿ. ಮೂರು ತಿಂಗಳ ಸರಾಸರಿ ಸಕ್ಕರೆಯೂ 8.1ರಿಂದ 6.9ಕ್ಕೆ ಬಂದಿದೆ. ಮಾತ್ರೆ ಇನ್ನೂ ಇದೆ.

ಹೋದ ತಿಂಗಳು ಹಸು ಗಬ್ಬ ತುಂಬುತ್ತಾ ಬಂತು ಅಂತ ಹಾಲು ಬತ್ತಿಸಿದೆವು. ಕರು ಹಾಕುವವರೆಗೆ ಎರಡು ತಿಂಗಳು ಡೇರಿಯಿಲ್ಲ. ಮೊದಲನೇ ಬೆಳಗ್ಗೆ ಮಲಗಿದೆ. ಎರಡನೆಯದೂ ಮಲಗಿದೆ. ಮೂರನೇ ದಿನ ಎದ್ದು ಪಕ್ಕದ ತೋಟದ ಅಜ್ಜಿಯ ಮನೆ ಮುಂದೆ ಹೋಗಿ ನಿಂತೆ. ಅಜ್ಜಿ ಒಮ್ಮೆ ನನ್ನ ಮುಖ ನೋಡಿತು, ಒಮ್ಮೆ ಖಾಲಿ ಕೈ ನೋಡಿತು, ಒಳಗೆ ಹೋಗಿ ತನ್ನ ಕ್ಯಾನ್ ತಂದುಕೊಟ್ಟಿತು. ಡೇರಿಯಲ್ಲಿ ಫ್ಯಾಟ್ ನೋಡುವ ಹುಡುಗ ಅಜ್ಜಿಯ ನಂಬರಿಗೆ ಹಾಲು ಬರೆದುಕೊಳ್ಳುತ್ತಾ ಕೇಳಿದ: "ಗೊಬ್ಬರದಂಗಡಿ ಮುಚ್ಬಿಟ್ರಾ ಅಣ್ಣ? ಅಜ್ಜಿ ಸಂಬಳ ಎಷ್ಟು ಕೊಡ್ತದೆ?"